ಹೋಗುವಾಗ ನಾಲ್ಕೂವರೆ, ಬರುವಾಗ ಹದಿಮೂರು

ನಮ್ಮ ಅಂಕನಕೊಪ್ಪಲಿನಿಂದ ಬೆಂಗಳೂರಿಗೆ ಬಸ್ಸಿನಲ್ಲಿ ನಾಲ್ಕೂವರೆ ಗಂಟೆ. ಕೆ.ಆರ್. ಪೇಟೆಯಿಂದ ಬರುವ ಬಸ್ಸು ನಮ್ಮೂರ ಗೇಟಿನಲ್ಲಿ ನಿಂತು, ನಾಗಮಂಗಲದಲ್ಲಿ ಡ್ರೈವರ್ ಬೀಡಿ ಸೇದಿ, ಬೆಳ್ಳೂರು ಕ್ರಾಸಿನಲ್ಲಿ ಕಂಡಕ್ಟರ್ ಇಡ್ಲಿ ತಿಂದು, ಮೆಜೆಸ್ಟಿಕ್ ಮುಟ್ಟುವಷ್ಟರಲ್ಲಿ ಅಷ್ಟಾಗುತ್ತದೆ. ದಾರಿ ನೂರನಲವತ್ತು ಕಿಲೋಮೀಟರ್. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ೧೯೯೬ರ ನವೆಂಬರಿನಲ್ಲಿ ನಮ್ಮ ಹಾಲಿನ ಡೈರಿಯ ಅಧ್ಯಕ್ಷ ಚಲುವಯ್ಯ ಹಾಲೆಂಡಿಗೆ ಹೋಗಿ ಬಂದು, ಬೊಂಬಾಯಿಯಿಂದ ಅಲ್ಲಿಗೆ ಆರು ಸಾವಿರದ ಎಂಟುನೂರ ಅರವತ್ತು ಕಿಲೋಮೀಟರ್, ವಿಮಾನದಲ್ಲಿ ನಾಲ್ಕೂವರೆ ಗಂಟೆ ಎಂದಾಗ ಊರಿನವರು ಅಳತೆಗೆ ಹಿಡಿದದ್ದು ಈ ಬಸ್ಸನ್ನೇ.

ನಾನು ಮರಿಸ್ವಾಮಿ, ಅದೇ ಡೈರಿಯ ಟೆಸ್ಟರ್. ಬೆಳಗ್ಗೆ ಆರಕ್ಕೆ, ಸಂಜೆ ಐದಕ್ಕೆ ಊರು ತರುವ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಟ್ಟು ಅದರಲ್ಲಿ ನೀರೆಷ್ಟು ಬೆರೆತಿದೆ ನೋಡುವುದು ನನ್ನ ಕೆಲಸ. ಆ ವೇಳೆಗೆ ಹದಿನಾಲ್ಕು ವರ್ಷ ಮಾಡಿದ್ದೆ. ಈ ಕೆಲಸ ಮಾಡಿದವನಿಗೆ ಊರಿನ ಮೇಲೆ ಭಕ್ತಿ ಉಳಿಯುವುದಿಲ್ಲ. ಹಣೆಗೆ ಮೂರು ಪಟ್ಟೆ ವಿಭೂತಿ ಬಳಿದುಕೊಂಡು ದೇವರ ನಾಮ ಗುನುಗುತ್ತ ಬಂದವರ ಕ್ಯಾನಿನಲ್ಲೇ ಅರ್ಧ ಬೋರ್‌ವೆಲ್ ಇರುತ್ತಿತ್ತು. ಕೇಳಿದರೆ "ಹಸ ನೀರ್ ಜಾಸ್ತಿ ಕುಡುದ್ಬುಟ್ಟೈತೆ ಕಣ್ಲಾ" ಎನ್ನುತ್ತಿದ್ದರು.

ಚಲುವಯ್ಯನಿಗಿಂತ ಮುಂಚೆ ಅಧ್ಯಕ್ಷನಾಗಿದ್ದವನು ಕೆಂಪಣ್ಣ. ಆರು ಹಸು, ಒಂದು ಕಲರ್ ಟೀವಿ, ಬತ್ತದ ಬಾವಿ. ಅವನ ಕಾಲದಲ್ಲಿ ನಮ್ಮ ಡೈರಿಯಲ್ಲಿ ಒಂದು ಪದ್ಧತಿ ಇತ್ತು. ಬೆಳಗಿನ ಹಾಲಿನ ಅಳತೆ, ಸಂಜೆ ಹಾಲಿನ ಅಳತೆ ಎರಡನ್ನೂ ಕೂಡಿಸಿ ಅರ್ಧ ಮಾಡಿ ದಿನಕ್ಕೆ ಒಂದೇ ಅಂಕಿ ಬರೆಯುವುದು. ಬೆಳಗ್ಗೆ ಒಳ್ಳೆಯ ಹಾಲು ತಂದವನು ಸಂಜೆ ಧಾರಾಳವಾಗಿ ಬಾವಿಯ ಕಡೆ ಹೋಗಿ ಬರಬಹುದಿತ್ತು. ಚಲುವಯ್ಯ ಅಧ್ಯಕ್ಷನಾದ ದಿನವೇ ಅದನ್ನು ನಿಲ್ಲಿಸಿದ. "ಬೆಳಿಗ್ಗೇದು ಬೆಳಿಗ್ಗೆಗೆ, ಸಂಜೇದು ಸಂಜೆಗೆ. ಕಂಡದ್ದ ಕಂಡಂಗೆ ಬರಿ ಮರಿಸ್ವಾಮಿ. ಸರಾಸರಿ ಅಂದ್ರೆ ಕಳ್ತನ" ಅಂದ. ಮೂರು ವರ್ಷದಲ್ಲಿ ಕೆಂಪಣ್ಣನ ಹಾಲು ಹನ್ನೊಂದು ಸಲ ವಾಪಸ್ಸು ಹೋಯಿತು. ಡಿಸೆಂಬರಿನಲ್ಲಿ ಮತ್ತೆ ಅಧ್ಯಕ್ಷನ ಆಯ್ಕೆ ಬರುವುದಿತ್ತು. ಚಲುವಯ್ಯ ಮತ್ತೆ ಗೆದ್ದರೆ ಇನ್ನೂ ಮೂರು ವರ್ಷ ಊರೆಲ್ಲ ಬರೀ ಹಾಲನ್ನೇ ಹಾಕಬೇಕಾಗುತ್ತಿತ್ತು. ಊರಿಗೆ ಅದು ಸಣ್ಣ ಸಂಕಟವಲ್ಲ.

ಅಂಥ ಹೊತ್ತಿನಲ್ಲಿ ಬಂತು ಹಾಲೆಂಡು. ಒಳ್ಳೆಯ ಹಾಲು ಕಳಿಸುವ ಡೈರಿಗಳ ಅಧ್ಯಕ್ಷರ ಹೆಸರಿನಲ್ಲಿ ಜಿಲ್ಲಾ ಹಾಲು ಒಕ್ಕೂಟದವರು ಚೀಟಿ ಎತ್ತಿದರು. ಚಲುವಯ್ಯನ ಹೆಸರು ಬಂತು. ಹಸು ಸಾಕುವುದನ್ನು ನೋಡಿಕೊಂಡು ಬರಲು ಹತ್ತು ದಿನದ ಪ್ರವಾಸ. ಅಲ್ಲಿಯತನಕ ಅವನು ಹತ್ತಿದ ಅತಿ ಎತ್ತರದ ಜಾಗ ಮೇಲುಕೋಟೆ ಬೆಟ್ಟ. ಹೆಂಡತಿ ಪುಟ್ಟಗೌರಮ್ಮ ಚಕ್ಕುಲಿ, ನಿಪ್ಪಟ್ಟು ಕಟ್ಟಿಕೊಟ್ಟಳು. ಅವನು ಒಂದು ನೋಟುಬುಕ್ಕು ಕೊಂಡುಕೊಂಡು ಹೊರಟ. ಅವನಿಗೆ ಕಂಡದ್ದನ್ನೆಲ್ಲ ಬರೆಯುವ ರೋಗ.

ಬಂದ ಮಾರನೆಯ ಸಂಜೆ ಡೈರಿಯ ಮುಂದೆ ಜನ ಸೇರಿದರು. ಚಲುವಯ್ಯ ನೋಟುಬುಕ್ಕು ತೆಗೆದು ಓದತೊಡಗಿದ. ಹಸುವಿಗೆ ಚಾಪೆ ಹಾಸಿರುತ್ತಾರೆ ಅಂದ, ನಂಬಿದರು. ಹಾಲು ಕರೆಯುವುದು ಯಂತ್ರ ಅಂದ, ನಂಬಿದರು. ಒಂದು ಹಸು ದಿನಕ್ಕೆ ಮೂವತ್ತು ಲೀಟರ್ ಕೊಡುತ್ತದೆ ಅಂದ, ನಿಟ್ಟುಸಿರು ಬಿಟ್ಟು ಅದನ್ನೂ ನಂಬಿದರು. ಆಮೇಲೆ ಪ್ರಯಾಣದ ಪುಟಕ್ಕೆ ಬಂದ.

"ಬೊಂಬಾಯಿ ಬುಟ್ಟದ್ದು ಬೆಳಿಗ್ಗೆ ಏಳು ಗಂಟೆ. ಅಲ್ಲಿಗ್ ಇಳುದದ್ದು ಅದೇ ದಿನ ಅನ್ನೊಂದೂವರೆ. ಬರ್ಬೇಕಾರೆ ಅಲ್ಲಿ ಬೆಳಿಗ್ಗೆ ಅತ್ ಗಂಟೆಗೆ ಇಮಾನ ಅತ್ತುದ್ರೆ ಬೊಂಬಾಯಿಗೆ ಬಂದದ್ದು ರಾತ್ರಿ ಅನ್ನೊಂದಕ್ಕೆ."

ಕೆಂಪಣ್ಣ ಬೆರಳು ಮಡಚಿ ಲೆಕ್ಕ ಹಾಕಿದ. "ತಡಿ ತಡಿ. ಓಗ್ಬೇಕಾರೆ ನಾಲ್ಕೂವರೆ, ಬರ್ಬೇಕಾರೆ ಅದಿಮೂರಾ? ದಾರಿ ಒಂದೇ ತಾನೇ?"

"ಒಂದೇ."

"ಅಂಗಾರೆ ಓಗ್ಬೇಕಾರೆ ಓರಿ ಕಟ್ಟಿ, ಬರ್ಬೇಕಾರೆ ಎಮ್ಮೆ ಕಟ್ಟಿದ್ರೇನ್ಲಾ ಇಮಾನಕ್ಕೆ?"

ಜನ ಗೊಳ್ಳೆಂದರು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ. ಚಲುವಯ್ಯ ಶಾಂತವಾಗಿ ವಿವರಿಸಹೋದ. ಅಲ್ಲಿ ಹೊತ್ತು ನಮಗಿಂತ ತಡವಾಗಿ ಮೂಡುತ್ತದೆ, ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಹಿಂದಿರುತ್ತದೆ, ಇಳಿಯುವ ಮುಂಚೆ ವಿಮಾನದ ಹುಡುಗಿ ಹೇಳಿದಳೆಂದು ತಾನೂ ಕೈಗಡಿಯಾರದ ಮುಳ್ಳು ತಿರುಗಿಸಿಕೊಂಡೆ ಎಂದ. ಆ ಕೊನೆಯ ಮಾತು ಹೇಳಬಾರದಿತ್ತು.

"ಓಹೋ, ಮುಳ್ ತಿರುಗುಸ್ದಾ!" ಕೆಂಪಣ್ಣ ಎದ್ದೇ ನಿಂತ. "ಕೇಳುದ್ರಾ? ಮುಳ್ ತಿರುಗುಸ್ಕಂಡ್ರೆ ನಾನೂವೆ ನಮ್ ಕೆಂಪು ಬಸ್ನಲ್ಲಿ ಬೆಂಗಳೂರ್ಗೆ ಅರ್ಧ ಗಂಟೇಲಿ ಓಯ್ತೀನಿ!"

ಮೂರು ದಿನದಲ್ಲಿ ಮಾತು ಪೂರ್ತಿ ಬೆಳೆದು ನಿಂತಿತು. ಚಲುವಯ್ಯ ಹಾಲೆಂಡಿಗೆ ಹೋಗಿಯೇ ಇಲ್ಲ. ಬೊಂಬಾಯಿಯ ಲಾಡ್ಜಿನಲ್ಲಿ ಹತ್ತು ದಿನ ಬಿದ್ದುಕೊಂಡಿದ್ದು ಬಂದಿದ್ದಾನೆ. ಬೇಕಾದರೆ ವಿಮಾನದ ಲೆಕ್ಕ ಕೇಳಿ ನೋಡಿ, ಹೋಗುವುದಕ್ಕೂ ಬರುವುದಕ್ಕೂ ತಾಳೆಯಾಗುವುದಿಲ್ಲ. ವಿಮಾನದ ಬಗ್ಗೆಯೇ ಸುಳ್ಳು ಹೇಳುವವನು ಮೂರು ವರ್ಷದಿಂದ ನಮ್ಮ ಹಾಲಿನ ಬಗ್ಗೆ ಏನೇನು ಹೇಳಿರಬಹುದು? ಈ ಕೊನೆಯ ಪ್ರಶ್ನೆ ಊರಿಗೆ ಬಹಳ ಹಿಡಿಸಿತು. ವಾಪಸ್ಸಾದ ಕ್ಯಾನುಗಳೆಲ್ಲ ಒಂದೇ ಏಟಿಗೆ ಶುದ್ಧವಾಗಿಬಿಟ್ಟವು.

ಚಲುವಯ್ಯ ಫೋಟೋ ತೋರಿಸಿದ, ಹಸುವಿನ ಪಕ್ಕ ಕೋಟು ಹಾಕಿಕೊಂಡು ನಿಂತದ್ದು. "ಕಪ್ಪು ಬಿಳಿ ಹಸ ನಮ್ ಕೊಟ್ಗೇಲೂ ಅವೆ, ಕೋಟ್ ಒಂದಿಲ್ಲ" ಅಂದರು. ಪಾಸ್‌ಪೋರ್ಟು ತೋರಿಸಿದ. ಊರ ಯಜಮಾನ ಮುದ್ದಯ್ಯ ಅದನ್ನು ತಲೆಕೆಳಗು ಹಿಡಿದು ನೋಡಿ, ಸೀಲು ಎಂಥದನ್ನು ಬೇಕಾದರೂ ಪೇಟೆಯಲ್ಲಿ ಮಾಡಿಕೊಡುತ್ತಾರೆ ಅಂದ. ವಿಮಾನದ ಟಿಕೆಟ್ಟು ತೋರಿಸಿದ, ಅದರಲ್ಲಿ ಹೊರಡುವ ಹೊತ್ತು, ಮುಟ್ಟುವ ಹೊತ್ತು ಅಚ್ಚಾಗಿಯೇ ಇತ್ತು. "ಲಗ್ನಪತ್ರಿಕೇಲೂ ಮುಹೂರ್ತ ಅಚ್ಚಾಕ್ಸಿರ್ತೀವಿ. ಆ ಒತ್ಗೆ ಸರ್ಯಾಗ್ ತಾಳಿ ಕಟ್ಟಿದ್ದ ಯಾರಾರ ಕಂಡಿದ್ದೀರಾ?" ಎಂದ ಕೆಂಪಣ್ಣ. 

ನಮ್ಮೂರಿನವರು ದಡ್ಡರೆಂದು ಓದುವವರು ತಿಳಿಯಬಾರದು. ಆ ಜೂನಿನಲ್ಲಿ ಇಂಗ್ಲೆಂಡಿನಲ್ಲಿ ಕ್ರಿಕೆಟ್ ನಡೆದಾಗ ಇದೇ ಊರು ಕೆಂಪಣ್ಣನ ಕಲರ್ ಟೀವಿಯ ಮುಂದೆ ಕಿಕ್ಕಿರಿದು ಕೂತಿತ್ತು. ನಮ್ಮಲ್ಲಿ ಮಧ್ಯಾಹ್ನ ಮೂರೂವರೆಗೆ ಆಟ ಶುರುವಾದರೆ ಅಲ್ಲಿ ಬೆಳಗ್ಗೆ ಹನ್ನೊಂದು ಎಂದು ಕೆಂಪಣ್ಣನೇ ಎಲ್ಲರಿಗೂ ತಿಳಿಸಿ ಹೇಳಿದ್ದ. ನಮ್ಮಲ್ಲಿ ಕತ್ತಲಾದರೂ ಅಲ್ಲಿ ಬಿಸಿಲಿದ್ದದ್ದನ್ನು ಎಲ್ಲರೂ ಕಣ್ಣಾರೆ ಕಂಡಿದ್ದರು. ಕಂಡದ್ದು ಈಗ ನೆನಪಿಗೆ ಬರುತ್ತಿರಲಿಲ್ಲ ಅಷ್ಟೆ. ನೆನಪಿಗೆ ಬಂದರೆ ಸಂಜೆ ಹಾಲಿಗೆ ನೀರು ಹಾಕುವ ಹಾಗಿರಲಿಲ್ಲ.

ಕಡೆಗೆ ಮುದ್ದಯ್ಯ ತೀರ್ಮಾನ ಕೊಟ್ಟ. ಬರುವ ಮಂಗಳವಾರ ಬೆಳಗ್ಗೆ ಮಾರಮ್ಮನ ಗುಡಿಯ ಮುಂದೆ ಚಲುವಯ್ಯ ಕರ್ಪೂರ ಆರಿಸಿ ಪ್ರಮಾಣ ಮಾಡಬೇಕು. ನಮ್ಮ ಕಡೆ ಇದು ಕೊನೆಯ ಕೋರ್ಟು. ಉರಿಯುವ ಕರ್ಪೂರವನ್ನು ಅಂಗೈಯಿಂದ ಒತ್ತಿ ಆರಿಸಿ ಹೇಳಿದ ಮಾತು ಸುಳ್ಳಾದರೆ ಹದಿನೈದು ದಿನದೊಳಗೆ ಮಾರಮ್ಮ ತೋರಿಸಿಕೊಡುತ್ತಾಳೆ. ಹದಿನೈದು ದಿನ ಏನೂ ಆಗದಿದ್ದರೆ ಆಡಿದ್ದು ನಿಜ.

ಹಿಂದಿನ ದಿನ ಬೆಳಗ್ಗೆ ಹಾಲಿನ ಲಾರಿಯ ಡ್ರೈವರ್ ಅಬ್ದುಲ್ ವಾಹಿದ್ ಕ್ಯಾನು ತುಂಬಿಸಿಕೊಳ್ಳಲು ಬಂದ. ನಾಗಮಂಗಲದವನು, ಆರು ವರ್ಷ ಜೆಡ್ಡಾದಲ್ಲಿ ಲಾರಿ ಓಡಿಸಿ ಬಂದವನು. ಡೈರಿಯೊಳಗೆ ನಾನು, ಚಲುವಯ್ಯ ಇಬ್ಬರೇ ಇದ್ದೆವು. ವಿಷಯ ಕೇಳಿ ವಾಹಿದ್ ಹಣೆ ಚಚ್ಚಿಕೊಂಡ.

"ಅರೆ ಚಲುವಣ್ಣ, ಇದ್ಯಾಕ್ ಬೇಕಿತ್ತು ನಿಮ್ಗೆ? ನಾನೂವೆ ಜೆಡ್ಡಾಗ್ ಓಗ್ಬೇಕಾರೆ ಗಡಿಯಾರದಲ್ಲಿ ಎರಡೂವರೆ ಗಂಟೆ, ಬರ್ಬೇಕಾರೆ ಏಳೂವರೆ. ಮನೇಲಿ ಒಂದೇ ದಪ ಏಳ್ದೆ. ನಮ್ಮತ್ತೆ ತಾಜ್ ಬೀ 'ಅಳಿಯನ ದಿಮಾಗ್ ಬಿಸ್ಲಿಗೆ ಕೆಟ್ಟೋಗೈತೆ' ಅಂದ್ಬುಟ್ರು. ಆಮೇಲೆ ಬುದ್ಧಿ ಬಂತು. ಓಗದೂ ಬರದೂ ಕೂಡ್ಸಿ ಸಮಕ್ಕೆ ಅರ್ಧ ಮಾಡ್ದೆ. ಐದು. ಓಗಕ್ಕೂ ಐದು, ಬರಕ್ಕೂ ಐದು. ಬಸ್, ಎಲ್ರಿಗೂ ಖುಷಿ. ಅದೇ ಅಸಲಿ ಟೈಮು ಕಣಣ್ಣ, ಇಮಾನ ಗಾಳೀಲಿ ಇರದೇ ಅಷ್ಟೊತ್ತು."

ನಾನು ಹಾಲಿನ ಪುಸ್ತಕದ ಹಿಂದೆ ಲೆಕ್ಕ ಹಾಕಿದೆ. ನಾಲ್ಕೂವರೆ, ಹದಿಮೂರು, ಕೂಡಿದರೆ ಹದಿನೇಳೂವರೆ. ಅರ್ಧ, ಎಂಟೂ ಮುಕ್ಕಾಲು.

"ಅಣ್ಣ, ಎಂಟೂ ಮುಕ್ಕಾಲು ಅಂದ್ಬುಡಣ್ಣ ನಾಳೆ" ಅಂದೆ. "ಎರಡ್ ಕಡೀಕೂ ಒಂದೇ. ಯಾರೂ ಏನೂ ಕೇಳಕಿಲ್ಲ. ಸುಳ್ಳೂ ಅಲ್ವಲ್ಲ."

ಚಲುವಯ್ಯ ನನ್ನ ಮುಖ ನೋಡಿದ. ನಾನು ಅವನ ಹಾಲಿಗೇ ನೀರು ಹಾಕಿದವನಂತೆ ನೋಡಿದ. "ಸರಾಸರಿ ಬರೀತಿಯೇನ್ಲಾ ಮರಿಸ್ವಾಮಿ? ಎಂಟೂ ಮುಕ್ಕಾಲು ಅಂತ ಯಾವ್ ಗಡಿಯಾರ ತೋರುಸ್ತು ನಂಗೆ? ನಾನ್ ಕಂಡದ್ದು ಏಳು, ನಾನ್ ಕಂಡದ್ದು ಅನ್ನೊಂದೂವರೆ. ಕಾಣ್ದೆ ಇರದ್ಕೆ ತಾಯಿ ಮುಂದೆ ಕರ್ಪೂರ ಆರ್ಸು ಅಂತೀಯಾ?"

"ಅಣ್ಣ, ಇನ್ನತ್ತು ದಿನಕ್ಕೆ ಆಯ್ಕೆ ಐತೆ."

"ಐತೆ ಬುಡು. ಅದ್ಕೇ ಸುಳ್ ಯೋಳಕಾಯ್ತದಾ?"

ವಾಹಿದ್ ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿ ಲಾರಿ ಹತ್ತಿದ. ನನಗೆ ಸಿಟ್ಟು ನೆತ್ತಿಗೇರಿತ್ತು. ಪ್ರಾಮಾಣಿಕನಾಗಿರುವುದು ಸರಿ, ಆದರೆ ವಿಮಾನದೊಳಗೆ ಎಂಟೂ ಮುಕ್ಕಾಲು ಗಂಟೆ ಕೂತು ಸೊಂಟ ಹಿಡಿಸಿಕೊಂಡು ಬಂದ ಮನುಷ್ಯ, ಅಷ್ಟು ಹೊತ್ತು ಕೂತದ್ದೇ ಸುಳ್ಳು, ಗಡಿಯಾರದ ಮುಳ್ಳೇ ನಿಜ ಎನ್ನುವುದು ಯಾವ ಸೀಮೆಯ ಹಟ? ಆ ಹಟದಲ್ಲಿ ನಮ್ಮನ್ನೆಲ್ಲ ಕೆಂಪಣ್ಣನ ಬಾವಿಗೆ ತಳ್ಳಲು ಹೊರಟಿದ್ದ.

ಮಂಗಳವಾರ ಬೆಳಗ್ಗೆ ಹಾಲು ಹಾಕಿದವರು ಹಾಗೇ ಖಾಲಿ ಕ್ಯಾನು ಹಿಡಿದು ಗುಡಿಯ ಮುಂದೆ ಬಂದರು. ಸತ್ಯ ಕೇಳಲು ಬಂದವರ ಸಾಲಿನ ಮೇಲೆ ಒಮ್ಮೆ ಕಣ್ಣಾಡಿಸಿದೆ. ಯಾರ ಹಾಲು ಎಷ್ಟು ತೆಳು ಎಂದು ಬಲದಿಂದ ಎಡಕ್ಕೆ ಅಂಕಿ ಸಮೇತ ಹೇಳಬಲ್ಲವನಾಗಿದ್ದೆ. ಮುದ್ದಯ್ಯ ಕಟ್ಟೆಯ ಮೇಲೆ ಕೂತಿದ್ದ. ಅವನೂ ನೀರು ಬೆರೆಸುತ್ತಿದ್ದ, ಯಜಮಾನಿಕೆಗೆ ತಕ್ಕಷ್ಟು.

"ಒಂದೇ ಮಾತ್ ಯೋಳಪ್ಪ ಚಲುವಯ್ಯ" ಅಂದ ಮುದ್ದಯ್ಯ. "ಎಷ್ಟ್ ಗಂಟೆ ದಾರಿ?"

ಚಲುವಯ್ಯ ಬಾಯಿ ತೆರೆಯುವ ಮೊದಲೇ ಹೆಂಗಸರ ಗುಂಪಿನಿಂದ ಪುಟ್ಟಗೌರಮ್ಮ ಮುಂದೆ ಬಂದಳು. "ಯಜಮಾನ್ರೇ, ನಮ್ಮೋರ್ ಆರುಸ್ತಾರೆ. ಅವರಾದ್ಮ್ಯಾಕೆ ಒಬ್ಬೊಬ್ರೇ ಬಂದು, ನಮ್ ಹಾಲ್ನಲ್ಲಿ ನೀರಿಲ್ಲ ಅಂತ ನೀವೂ ಒಂದೊಂದ್ ಕರ್ಪೂರ ಆರ್ಸಿ. ಡಬ್ಬಿ ತುಂಬ ತಂದಿವ್ನಿ, ಎಲ್ರಿಗೂ ಆಯ್ತದೆ."

ಗದ್ದಲವೋ ಗದ್ದಲ. ಗಂಡಸರ ನ್ಯಾಯದಲ್ಲಿ ಹೆಂಗಸು ಬಾಯಿ ಹಾಕುವುದೇ ಎಂದು ಮೊದಲು ಕೂಗಿದವನು ಹಿಂದಿನ ಸಂಜೆ ಅತಿ ತೆಳು ಹಾಲು ತಂದವನು. ಪುಟ್ಟಗೌರಮ್ಮ ಜಗ್ಗಲಿಲ್ಲ. ಗುಂಪಿನಲ್ಲಿ ನನ್ನನ್ನು ಹುಡುಕಿ ಕೈ ತೋರಿಸಿದಳು.

"ಮರಿಸ್ವಾಮಿ ಅವ್ನಲ್ಲ, ದಿನಾ ಅಳ್ದು ನೋಡೋನು. ಯೋಳಪ್ಪ ನೀನು. ಕ್ರಿಕೆಟ್ ನೋಡಕ್ಕೆ ನೀನೂ ಓಗಿದ್ದಲ್ಲ? ನಮ್ಮಲ್ಲಿ ಮೂರೂವರೆ ಆದಾಗ ಅಲ್ಲಿ ಬೆಳಿಗ್ಗೆ ಅನ್ನೊಂದಾಗಿರ್ಲಿಲ್ವಾ? ಅಷ್ಟೇ ಯೋಳು, ಸಾಕು."

ಎಲ್ಲರೂ ನನ್ನ ಕಡೆ ತಿರುಗಿದರು. ಕೆಂಪಣ್ಣ ಮಾತ್ರ ತಿರುಗಲಿಲ್ಲ. ಅವನು ತನ್ನ ಚಪ್ಪಲಿಯ ತುದಿ ನೋಡುತ್ತ ನಿಂತಿದ್ದ. ಟೆಸ್ಟರನ್ನು ಇಟ್ಟುಕೊಳ್ಳುವುದು, ಬಿಡುವುದು ಹೊಸ ಅಧ್ಯಕ್ಷನ ಕೈಯಲ್ಲಿ. ಒಂಬತ್ತು ದಿನಕ್ಕೆ ಅಧ್ಯಕ್ಷನಾಗುವವನು ಯಾರು ಎನ್ನುವುದು ಆ ಗುಂಪಿನ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಹದಿನಾಲ್ಕು ವರ್ಷ ಅಳೆದವನಿಗೆ ಅದಕ್ಕೆ ಮೀಟರ್ ಬೇಕಿರಲಿಲ್ಲ.

"ನಂಗ್ ಆಟ ನೋಡಕ್ಕೆ ಒತ್ತೆಲ್ಲೈತೆ ಪುಟ್ಟಗೌರಕ್ಕ" ಅಂದೆ.

ಅಷ್ಟು ಜನರ ಎದುರು ನಾನು ಹೇಳಿದ ಮಾತು ಇದು. ಈಗಲೂ ನೆನೆದರೆ ನನ್ನ ಮೈ ನನಗೇ ಅಸಹ್ಯವಾಗುತ್ತದೆ. ಪುಟ್ಟಗೌರಮ್ಮ ಕರ್ಪೂರದ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಹಿಂದೆ ಸರಿದಳು.

ಚಲುವಯ್ಯ ಕರ್ಪೂರ ಹಚ್ಚಿದ. ಉರಿ ಚೆನ್ನಾಗಿ ಏಳುವತನಕ ಕಾದ, ಅದರಲ್ಲೂ ಮೋಸ ಇರಬಾರದು ನೋಡಿ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ತಾಯಿ, ನಾನ್ ಹಾಲೆಂಡಿಗ್ ಓಗಿದ್ದು ದಿಟ. ಗಡಿಯಾರದಲ್ಲಿ ನಾನ್ ಕಂಡಂಗೆ ಓಗ್ಬೇಕಾರೆ ನಾಲ್ಕೂವರೆ ಗಂಟೆ, ಬರ್ಬೇಕಾರೆ ಅದಿಮೂರು" ಎಂದು ಅಂಗೈ ಒತ್ತಿದ. ಸುಟ್ಟ ವಾಸನೆ ಬಂತು. ಕೈಯನ್ನು ಪಂಚೆಗೆ ಒರೆಸಿಕೊಂಡು ಕೊಟ್ಟಿಗೆಯ ಕೆಲಸವಿದೆಯೆಂದು ಹೊರಟುಹೋದ.

ಅವನು ಎಂಟೂ ಮುಕ್ಕಾಲು ಅಂದಿದ್ದರೆ ಊರಿಗೆ ನಿಜವಾಗಿ ಕಷ್ಟವಾಗುತ್ತಿತ್ತು. ನಾಲ್ಕೂವರೆ, ಹದಿಮೂರು ಅಂದದ್ದರಿಂದ ಎಲ್ಲರಿಗೂ ಅನುಕೂಲವಾಯಿತು. "ದೇವ್ರ ಮುಂದೇನೂ ತಾಳೆ ಆಗ್ಲಿಲ್ಲ ನೋಡು" ಎಂದು ಹೇಳಿಕೊಂಡು ಮನೆಗೆ ಹೋದರು.

ಮಾರಮ್ಮನಿಗೆ ಹದಿನೈದು ದಿನದ ವಾಯಿದೆ ಇತ್ತು. ಅಧ್ಯಕ್ಷನನ್ನು ಆರಿಸುವ ಡೈರಿಯ ನಿರ್ದೇಶಕರಿಗೆ ಅಷ್ಟು ಪುರುಸೊತ್ತಿರಲಿಲ್ಲ. ಒಂಬತ್ತನೆಯ ದಿನ ಒಂಬತ್ತು ಜನ ಸೇರಿ ಕೈ ಎತ್ತಿದರು. ಕೈ ಎಣಿಸುವುದು ನನ್ನ ಪಾಲಿಗೇ ಬಂತು. ಕೆಂಪಣ್ಣನಿಗೆ ಏಳು. ಚಲುವಯ್ಯನಿಗೆ ಎರಡು, ಅದರಲ್ಲೊಂದು ಅವನದೇ, ಬೊಬ್ಬೆ ಎದ್ದ ಅಂಗೈ. ಹೊಸ ಅಧ್ಯಕ್ಷನ ಮೊದಲ ಆಜ್ಞೆ, ರೈತರಿಗೆ ತೊಂದರೆಯಾಗುತ್ತಿರುವುದರಿಂದ ಹಳೆಯ ಪದ್ಧತಿಯಂತೆ ಸರಾಸರಿ ಬರೆಯತಕ್ಕದ್ದು. ಎರಡನೆಯ ಆಜ್ಞೆ, ಟೆಸ್ಟರ್ ಮರಿಸ್ವಾಮಿಯ ಸೇವೆಯನ್ನು ಮುಂದುವರಿಸತಕ್ಕದ್ದು. ಎಲ್ಲರೂ ಚಪ್ಪಾಳೆ ತಟ್ಟಿದರು.

ಹನ್ನೆರಡನೆಯ ದಿನ ಚಲುವಯ್ಯನ ಹಸುವೊಂದು ಭೇದಿ ಮಾಡಿಕೊಂಡಿತು. "ತಾಯಿ ತೋರುಸುದ್ಲು" ಎಂದು ಊರು ಕೈ ಮುಗಿಯಿತು. ಅದೇ ದಿನ ಕೆಂಪಣ್ಣನ ಕಲರ್ ಟೀವಿ ಹೊಗೆ ಎದ್ದು ಸುಟ್ಟುಹೋಯಿತು. ಅದಕ್ಕೆ ಕಾರಣ ವೋಲ್ಟೇಜು ಎಂದು ತೀರ್ಮಾನವಾಯಿತು. ಹಸು ಎರಡು ದಿನಕ್ಕೆ ಸುಧಾರಿಸಿಕೊಂಡಿತು. ಹದಿನೈದು ದಿನ ಕಳೆಯಿತು. ಚಲುವಯ್ಯನಿಗೆ ಏನೂ ಆಗಿರಲಿಲ್ಲ. ನಮ್ಮದೇ ಕಾನೂನಿನ ಪ್ರಕಾರ ಅವನು ಆಡಿದ್ದು ನಿಜವಾಗಿತ್ತು. ಆ ದಿನ ನೆನಪಿಟ್ಟು ಲೆಕ್ಕ ಹಾಕಿದವರು ಊರಿನಲ್ಲಿ ಇಬ್ಬರೇ, ಅವನು ಮತ್ತು ನಾನು.

ಹದಿನಾರನೆಯ ಬೆಳಗ್ಗೆ ಚಲುವಯ್ಯ ಎಲ್ಲರಂತೆ ಸಾಲಿನಲ್ಲಿ ನಿಂತು ಬಂದ. ಅವನ ಹಾಲಿಗೆ ಮೀಟರ್ ಇಳಿಬಿಟ್ಟೆ. ಅದು ಎಂದಿನಂತೆ ಎತ್ತರದಲ್ಲೇ ನಿಂತಿತು. ಅಂಕಿ ಬರೆದುಕೊಂಡು ಖಾಲಿ ಕ್ಯಾನು ವಾಪಸ್ಸು ಕೊಡುವಾಗ ಅವನು ಹೋಗಲಿಲ್ಲ. ನನ್ನ ಮುಂದಿದ್ದ ಹಲಗೆಗೆ ಕೈಯೂರಿ ನಿಂತ.

"ಅದಿನೈದ್ ದಿನ ಆಯ್ತು ಕಣ್ಲಾ ಮರಿಸ್ವಾಮಿ."

"ಊಂ ಕಣಣ್ಣ."

"ಊರ್ ಆಳಾಗೋಗ್ಲಿ. ನಿಂಗಾರ ನಂಬ್ಕೆ ಐತೇನ್ಲಾ, ನಾನ್ ಓಗಿದ್ದೆ ಅಂತ?"

ಅಧ್ಯಕ್ಷನಾಗಿದ್ದಾಗ ಯಾರನ್ನೂ ಒಂದು ಮಾತು ಬೇಡದಿದ್ದವನು ಈಗ ಬೇಡುತ್ತಿದ್ದ. 

"ಐತೆ ಕಣಣ್ಣ" ಅಂದೆ, ಪುಸ್ತಕದ ಮೇಲೆ ಬಗ್ಗಿಕೊಂಡು, ಅವನೊಬ್ಬನಿಗೇ ಕೇಳುವಷ್ಟು.

ಅವನು ಹಲಗೆಯಿಂದ ಕೈ ತೆಗೆಯಲಿಲ್ಲ. "ಅದ್ನೇ ಒಂದ್ ಸಲ ಗಟ್ಟಿಯಾಗ್ ಅನ್ನು" ಅಂದ. "ಒಂದೇ ಸಲ. ಆಮ್ಯಾಕ್ ಕೇಳಕಿಲ್ಲ."

ತಲೆ ಎತ್ತಿದೆ. ಸಾಲು ಬಾಗಿಲಾಚೆಗೂ ಇತ್ತು. ಎಲ್ಲರೂ ನಮ್ಮಿಬ್ಬರನ್ನೇ ನೋಡುತ್ತಿದ್ದರು. ಚಲುವಯ್ಯನ ಹಿಂದೆ ಕ್ಯಾನು ಹಿಡಿದು ಕೆಂಪಣ್ಣ ನಿಂತಿದ್ದ.

ಬಾಯಿ ತೆರೆದೆ.

"ಮುಂದಿನೋರ್ ಬನ್ನಿ" ಅಂದೆ.